ಮುಂಬೈಯಲ್ಲಿ ಫುಟ್‌ಪಾತ್ ವಾಸಿಗಳನ್ನೂ ಭಿಕ್ಷುಕರನ್ನೂ ಜನ ಒಂದೇ ಅನುಮಾನದಿಂದ ನೋಡುವುದೇಕೆ?

ಈ ಅನುಮಾನಕ್ಕೆ ಕಾನೂನಿನ ಬೆಂಬಲವೂ ಇದೆ ಎಂಬುದನ್ನು ಮೊದಲು ಗಮನಿಸಬೇಕು. 1959ರ ಬಾಂಬೆ ಭಿಕ್ಷಾಟನೆ ತಡೆ ಕಾಯ್ದೆಯು ಕೈಚಾಚುವವರನ್ನು ಮಾತ್ರವಲ್ಲದೆ, ಜೀವನೋಪಾಯದ ದಾರಿ ಕಾಣದೆ ಸಾರ್ವಜನಿಕ ಸ್ಥಳಗಳಲ್ಲಿ ಅಲೆಯುವವರನ್ನೂ, ಅವರು ಬೇಡಿಯೇ ಬದುಕುತ್ತಿರಬಹುದು ಎಂದು ತೋರಿದರೆ, ಭಿಕ್ಷುಕರೆಂದೇ ಪರಿಗಣಿಸುತ್ತದೆ. ಮೊದಲ ಸಲ ಸಿಕ್ಕಿಬಿದ್ದವರನ್ನೂ 1ರಿಂದ 3 ವರ್ಷ ಬಂಧನದಲ್ಲಿಡಲು ಅದರಲ್ಲಿ ಅವಕಾಶವಿದೆ. ಹೀಗಾಗಿ ಹಗಲೆಲ್ಲ ಗಾರೆ ಕೆಲಸ ಮಾಡಿ, ಬಾಡಿಗೆ ಕೊಡಲಾಗದೆ ರಾತ್ರಿ ಸೇತುವೆಯ ಕೆಳಗೆ ಮಲಗುವ ಕಲಬುರಗಿಯ ಕುಟುಂಬವೂ ನೋಡುವವರ ಕಣ್ಣಿಗೆ ಭಿಕ್ಷುಕರಾಗಿಬಿಡುತ್ತದೆ. ಹೋಟೆಲಿನಲ್ಲಿ ದುಡಿದು, ರಾತ್ರಿ ಅಲ್ಲಿಯೇ ಮಲಗಿ ಬದುಕು ಕಟ್ಟಿಕೊಂಡ ಹಿರಿಯರಿರುವ ನಮ್ಮ ಮುಂಬೈ ಕನ್ನಡಿಗರ ಮನೆಗಳಲ್ಲೂ ‘ಮೈಗಳ್ಳರು’ ಎಂಬ ಮಾತು ಕೇಳಿಬರುವುದು ನನಗೆ ತೀರ ನೋವಿನ ಸಂಗತಿ. ಆ ಹಿರಿಯರಿಗೆ ತಲೆಯ ಮೇಲೊಂದು ಸೂರಾದರೂ ಇತ್ತು.

ಫುಟ್‌ಪಾತ್ ವಾಸಿಗಳು ಕೆಲಸ ಸಿಗುವ ಜಾಗಕ್ಕೆ ಹತ್ತಿರವಿರಲೆಂದೇ ಅಲ್ಲಿ ನೆಲೆಸುತ್ತಾರೆ ಎಂಬುದನ್ನು 1985ರ ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಕೊಂಡು, ಜೀವನೋಪಾಯದ ಹಕ್ಕು ಜೀವಿಸುವ ಹಕ್ಕಿನದೇ ಭಾಗವೆಂದು ಸಾರಿತು, ತೆರವನ್ನು ಮಾತ್ರ ಪೂರ್ತಿಯಾಗಿ ತಡೆಯಲಿಲ್ಲ. 2018ರಲ್ಲಿ ದೆಹಲಿ ಹೈಕೋರ್ಟ್ ಭಿಕ್ಷಾಟನೆಯನ್ನು ಅಪರಾಧವೆನ್ನುವ ಇದೇ ಕಾಯ್ದೆಯ ಸೆಕ್ಷನ್‌ಗಳನ್ನು ರದ್ದುಪಡಿಸಿತಾದರೂ ಅದು ದೆಹಲಿಗಷ್ಟೇ ಸೀಮಿತವಾದ ತೀರ್ಪು.