‘ಮುತ್ತಿಗೆ’ ಕತೆಯ ಲೇಖಕರಿಗೆ: ಎಲ್ ಫಾಶರ್‌ನಲ್ಲಿ ಕೋಟೆಯಿಲ್ಲ

ಪ್ರಿಯರೇ,

ನಿಮ್ಮ ‘ಮುತ್ತಿಗೆ’ ಕತೆಯನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಬದಿಗೆ ಸರಿಸುವ ಕತೆಯೂ ಇದಲ್ಲ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇವೆ.

ಹುಣಸೂರು ಕಡೆಯ ಹಕ್ಕಿಪಿಕ್ಕಿ ಯುವಕನೊಬ್ಬ ಕೂದಲಿನ ಗಿಡಮೂಲಿಕೆ ಎಣ್ಣೆ ಮಾರಲು ಸುಡಾನಿನ ಎಲ್ ಫಾಶರ್‌ಗೆ ಹೋಗುತ್ತಾನೆ. 2025ರಲ್ಲಿ ಬಂಡುಕೋರ ಸೈನ್ಯ ಅಲ್ಲಿನ ಸೇನಾ ಕೇಂದ್ರಕ್ಕೆ ಮುತ್ತಿಗೆ ಹಾಕುತ್ತದೆ, ಮೂರು ವಾರ ಕಾದಾಟ ನಡೆಯುತ್ತದೆ, ಕೋಟೆ ಬಾಗಿಲು ಮುರಿಯುತ್ತದೆ, ಅವನು ಒಂಟೆ ಏರಿ ಖಾರ್ಟೂಮ್ ಸೇರುತ್ತಾನೆ. ಇದು ನಿಮ್ಮ ಕತೆ. ಆರಿಸಿಕೊಂಡ ಜಾಗ ಸರಿಯಾಗಿದೆ, ಕಾಲ ತಪ್ಪಿದೆ. ಕಾಲ ತಪ್ಪಿದ್ದರಿಂದಲೇ ಉಳಿದದ್ದೆಲ್ಲ ಜಾರಿದೆ.

ಹಕ್ಕಿಪಿಕ್ಕಿಗಳು ಎಲ್ ಫಾಶರ್‌ನಲ್ಲಿ ಸಿಕ್ಕಿಕೊಂಡದ್ದು ನಿಜ. ಆದರೆ ಅದು 2023ರ ಏಪ್ರಿಲ್‌ನಲ್ಲಿ, ಸೈನ್ಯಕ್ಕೂ ಕ್ಷಿಪ್ರ ಬೆಂಬಲ ಪಡೆಗೂ (ಆರ್‌ಎಸ್‌ಎಫ್) ಯುದ್ಧ ಹತ್ತಿಕೊಂಡ ಮೊದಲ ದಿನಗಳಲ್ಲಿ. ಭಾರತ ಸರ್ಕಾರದ ‘ಆಪರೇಷನ್ ಕಾವೇರಿ’ ಆ ಏಪ್ರಿಲ್ 24ಕ್ಕೆ ಶುರುವಾಗಿ ಮೇ ಮೊದಲ ವಾರಕ್ಕೆ ಮುಗಿಯಿತು. ನಗರಕ್ಕೆ ಮುತ್ತಿಗೆ ಬಿದ್ದದ್ದು ಅದಾದ ಒಂದು ವರ್ಷಕ್ಕೆ, 2024ರ ಮೇ ತಿಂಗಳಲ್ಲಿ. ಹೀಗಾಗಿ ನಿಮ್ಮ ಮುಂದೆ ಎರಡು ದಾರಿ ಇವೆ. ಕತೆಯನ್ನು 2023ರ ಏಪ್ರಿಲ್‌ಗೆ ಒಯ್ಯಬಹುದು, ಆಗ ಮುತ್ತಿಗೆ ಇರುವುದಿಲ್ಲ. ಇಲ್ಲವೇ ಹುಡುಗನನ್ನು ಮೊದಲ ಎರಡು ಪುಟಗಳಲ್ಲೇ ಊರಿಗೆ ಕಳಿಸಿ, ಅವನಿಗೆ ಮನೆ ಬಾಡಿಗೆಗೆ ಕೊಟ್ಟಿದ್ದ ಹೆಂಗಸನ್ನು, ಅವಳ ಮನೆಯ ಮೂಲೆಯಲ್ಲಿ ಅವನು ಬಿಟ್ಟುಹೋದ ಎಣ್ಣೆ ಡಬ್ಬಗಳನ್ನು ಹಿಡಿದು ಮುಂದುವರಿಯಬಹುದು. ಎರಡನೆಯದನ್ನೇ ಮಾಡಿ ಎಂದು ನಮ್ಮ ಒತ್ತಾಯ. ನಿಮ್ಮ ಹಸ್ತಪ್ರತಿಯಲ್ಲಿ ಉಸಿರಾಡುವ ಪಾತ್ರ ಅವಳೊಬ್ಬಳೇ.

‘ಬಂಡುಕೋರ’ ಎಂಬ ಮಾತನ್ನು ನೀವು ಇಪ್ಪತ್ತಕ್ಕೂ ಹೆಚ್ಚು ಕಡೆ ಬಳಸಿದ್ದೀರಿ. ಈ ಊರಿನಲ್ಲಿ ಆ ಮಾತು ಯಾರಿಗೆ ಅಂಟುತ್ತದೆ, ನೋಡಿ. 2003ರ ಏಪ್ರಿಲ್ 25ರಂದು ದಾರ್ಫುರದ (ಎಲ್ ಫಾಶರ್ ಇರುವ ಪಶ್ಚಿಮ ಸುಡಾನಿನ ಪ್ರಾಂತ್ಯ) ಬಂಡುಕೋರರು ಇದೇ ಎಲ್ ಫಾಶರ್ ವಿಮಾನ ನಿಲ್ದಾಣಕ್ಕೆ ನುಗ್ಗಿ ಸೈನ್ಯದ ವಿಮಾನಗಳನ್ನು ಸುಟ್ಟರು. ಅವರನ್ನು ಹತ್ತಿಕ್ಕಲು ಸರ್ಕಾರ ಜಂಜಾವೀದ್ ಎಂಬ ಸಶಸ್ತ್ರ ಗುಂಪುಗಳನ್ನು ಸಾಕಿತು. ಅವೇ ಗುಂಪುಗಳಿಂದ 2013ರಲ್ಲಿ ಆರ್‌ಎಸ್‌ಎಫ್ ರೂಪುಗೊಂಡಿತು. ಅದರ ನಾಯಕ ಹೆಮೆದ್ತಿ 2023ರ ಯುದ್ಧ ಶುರುವಾಗುವಾಗ ದೇಶದ ಆಡಳಿತ ಮಂಡಳಿಯ ಉಪಾಧ್ಯಕ್ಷ. ಅತ್ತ 2003ರ ಬಂಡುಕೋರರಲ್ಲಿ ಮಿನ್ನಿ ಮಿನ್ನಾವಿ, ಜಿಬ್ರಿಲ್ ಇಬ್ರಾಹಿಂ ಅವರ ಬಣಗಳು 2020ರಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿ, 2023ರ ನವೆಂಬರ್‌ನಲ್ಲಿ ಸೈನ್ಯದ ಕಡೆ ನಿಂತವು. ಅಂದರೆ 2003ರಲ್ಲಿ ಈ ಊರಿನ ಮೇಲೆ ಬಿದ್ದವರೇ ಇಪ್ಪತ್ತೊಂದು ವರ್ಷದ ಮೇಲೆ, 2024ರ ಮುತ್ತಿಗೆಯಲ್ಲಿ ಅದನ್ನು ಕಾದರು, ಆಗ ಸರ್ಕಾರದ ಕೈಯಾಗಿದ್ದವರು ಸುತ್ತುಗಟ್ಟಿದರು. ನಲವತ್ತು ದಾಟಿದ ಆ ಮನೆಯೊಡತಿಗೆ ಇದೆಲ್ಲ ನೆನಪಿರಲೇಬೇಕು. ಅವಳ ಬಾಯಲ್ಲಿ ಬರೀ ‘ಬಂಡುಕೋರರು’ ಬಂದರೆ ಸುಳ್ಳಾಗುತ್ತದೆ. ಯಾರು, ಯಾವ ಬಣ, ಯಾರ ಮಗ ಎಂದೇ ಅವಳು ಗುರುತಿಸುವುದು.

ಇನ್ನು ಕೋಟೆ. ಚಿತ್ರದುರ್ಗದ ಬುರುಜು, ಹೆಬ್ಬಾಗಿಲು, ಲಗ್ಗೆ ಏಣಿ ನಿಮ್ಮ ಕಣ್ಣಲ್ಲಿವೆ. ಎಲ್ ಫಾಶರ್ ಮರಳುನೆಲದ ಮೇಲೆ ಹರಡಿಕೊಂಡ, ಬಹುಪಾಲು ಮಣ್ಣಿಟ್ಟಿಗೆ ಮನೆಗಳ ಊರು. ನೀವು ‘ಸೇನಾ ಕೇಂದ್ರ’ ಎಂದು ಬರೆದದ್ದು ಆರನೇ ಪದಾತಿ ದಳದ ಪ್ರಧಾನ ಕಚೇರಿ, ಅದು ಊರಿನೊಳಗೇ ಇತ್ತು. ಸುತ್ತುಗಟ್ಟಿದ ಆರ್‌ಎಸ್‌ಎಫ್‌ನವರು ಬಂದದ್ದು ಕುದುರೆ ಏರಿ ಅಲ್ಲ, ಮೆಷಿನ್‌ಗನ್ ಕೂರಿಸಿದ ಟೊಯೊಟಾ ಪಿಕಪ್‌ಗಳಲ್ಲಿ. ಬಯಲಲ್ಲಿ ಅವು ಬಿರುಗಾಳಿ, ಓಣಿಯೊಳಗೆ ಬಂದರೆ ಸಿಕ್ಕಿಬೀಳುತ್ತವೆ. ಊರು ಕಾಯುವ ಸೈನ್ಯ ಮತ್ತು ಅದರ ಜೊತೆಗಿನ ಬಣಗಳವರು ಕಂದಕ ತೋಡಿ, ಗೋಡೆಯಿಂದ ಗೋಡೆಗೆ ಸರಿದು ಕಾದರು. ಆರ್‌ಎಸ್‌ಎಫ್‌ನ ಹಿರಿಯ ಕಮಾಂಡರ್ ಅಲಿ ಯಾಕೂಬ್ ಜಿಬ್ರಿಲ್ 2024ರ ಜೂನ್‌ನಲ್ಲಿ ಸತ್ತದ್ದು ಈ ಊರಿನ ಕಾಳಗದಲ್ಲೇ. ನುಗ್ಗಿ ಗೆಲ್ಲಲಾಗದ ಊರನ್ನು ಕಟ್ಟಿಹಾಕಿದರು. ಮೂರು ವಾರವಲ್ಲ, ಐನೂರು ದಿನಕ್ಕೂ ಹೆಚ್ಚು.

ಕಟ್ಟಿಹಾಕುವುದೆಂದರೆ ಏನು ಎಂಬುದು ನಿಮ್ಮ ಕತೆಯಲ್ಲಿ ಒಂದೇ ಸಾಲಿನಲ್ಲಿ ಮುಗಿದಿದೆ: ‘ಎಲ್ಲ ದಾರಿಗಳನ್ನೂ ಮುಚ್ಚಿದರು.’ ಇದನ್ನು ಬಿಡಿಸಿ ಬರೆಯಿರಿ, ಕತೆ ಇರುವುದು ಇಲ್ಲೇ. 2023ರ ಅಕ್ಟೋಬರ್, ನವೆಂಬರ್‌ಗಳಲ್ಲಿ ನ್ಯಾಲಾ, ಝಾಲಿಂಗೆ, ಎಲ್ ಜೆನೀನಾ, ಎದ್ದಾಯೀನ್‌ಗಳ ಸೇನಾ ನೆಲೆಗಳು ಒಂದೊಂದಾಗಿ ಬಿದ್ದವು. ದಾರ್ಫುರದ ಐದು ರಾಜ್ಯ ರಾಜಧಾನಿಗಳಲ್ಲಿ ಉಳಿದದ್ದು ಎಲ್ ಫಾಶರ್ ಒಂದೇ. 2024ರ ಏಪ್ರಿಲ್‌ನಲ್ಲಿ ಉತ್ತರದ ಮೆಲ್ಲೀತ್ ಹೋಯಿತು, ಲಾರಿ ಬರುವ ಮುಖ್ಯ ದಾರಿ ಕಡಿಯಿತು. ಮೇ ತಿಂಗಳಲ್ಲಿ ಗೋಲೋ ಜಲಾಶಯ ಕೈತಪ್ಪಿತು, ಸುಮಾರು 2,70,000 ಜನರ ನೀರಿಗೆ ಕುತ್ತು ಬಂತು. ಜೂನ್‌ನಲ್ಲಿ ದಕ್ಷಿಣ ಆಸ್ಪತ್ರೆ ಬಾಗಿಲು ಹಾಕಿತು. ಆ ಜೂನ್ 13ರಂದು ಮುತ್ತಿಗೆ ನಿಲ್ಲಿಸಿ ಎಂದು ವಿಶ್ವಸಂಸ್ಥೆ ಭದ್ರತಾ ಮಂಡಳಿ 2736ನೇ ನಿರ್ಣಯ ಮಾಡಿತು, ನಿಲ್ಲಲಿಲ್ಲ. ದಕ್ಷಿಣಕ್ಕಿರುವ ಝಮ್‌ಝಮ್ ನಿರಾಶ್ರಿತರ ಶಿಬಿರದಲ್ಲಿ ಆಗಸ್ಟ್‌ಗೆ ಕ್ಷಾಮ ಘೋಷಣೆಯಾಯಿತು. 2025ರ ಏಪ್ರಿಲ್‌ನಲ್ಲಿ ಶಿಬಿರವೇ ಆರ್‌ಎಸ್‌ಎಫ್ ವಶವಾಯಿತು. ಜೂನ್‌ನಲ್ಲಿ ನೆರವು ಹೊತ್ತು ಬರುತ್ತಿದ್ದ 15 ಲಾರಿಗಳ ಸಾಲಿನ ಮೇಲೆ ಅಲ್ ಕೋಮಾದಲ್ಲಿ ದಾಳಿಯಾಗಿ ಐವರು ಸತ್ತರು. ಕೊನೆಗೆ ಊರ ಸುತ್ತ ಯಂತ್ರಗಳಿಂದ ಮಣ್ಣಿನ ದಿಬ್ಬ ಎಬ್ಬಿಸಿದರು, ಆಗಸ್ಟ್ ಕೊನೆಗೆ ಅದು 31 ಕಿ.ಮೀ. ಮುಟ್ಟಿತ್ತು. ಅಲ್ಲಿಯವರೆಗೆ ರಾತ್ರಿ ಹೊತ್ತು ಕತ್ತೆಗಳ ಮೇಲೆ ಕದ್ದು ಒಂದಿಷ್ಟು ಕಾಳು, ಔಷಧಿ ಒಳಬರುತ್ತಿದ್ದವು. ದಿಬ್ಬ ಎದ್ದ ಮೇಲೆ ಅದಕ್ಕೂ ಕಲ್ಲು ಬಿತ್ತು. ಕೋಟೆ ಬೇಕೇ ಬೇಕು ಎಂದರೆ ಇದೇ ಕೋಟೆ, ಕಟ್ಟಿದವರು ಮಾತ್ರ ಹೊರಗಿನವರು.

ಈ ತಾರೀಕುಗಳನ್ನೆಲ್ಲ ಕತೆಗೆ ತುರುಕಬೇಡಿ. ಒಂದು ಹಾಳೆಯಲ್ಲಿ ಬರೆದು ಎದುರಿಗಿಟ್ಟುಕೊಂಡು, ಪ್ರತಿಯೊಂದೂ ಆ ಹೆಂಗಸಿನ ಅಡುಗೆಮನೆಗೆ ಹೇಗೆ ತಟ್ಟಿತು ಎಂದು ಪಕ್ಕದಲ್ಲಿ ಗುರುತು ಹಾಕಿ. ಮೆಲ್ಲೀತ್ ಬಿದ್ದ ವಾರ ಅವಳ ಮನೆಯಲ್ಲಿ ಮುಗಿದದ್ದು ಸಕ್ಕರೆಯೋ ಸೋಪೋ? ಗೋಲೋ ಹೋದ ಮೇಲೆ ಕೊಡ ಹಿಡಿದು ಎಲ್ಲಿಗೆ ಹೋಗುತ್ತಾಳೆ?

ಊಟದ ವಿಷಯದಲ್ಲಿ ನಿಮಗೆ ದೊಡ್ಡ ಅನುಕೂಲವಿದೆ, ಅದನ್ನು ಬಿಟ್ಟು ಬಿರಿಯಾನಿ, ಖರ್ಜೂರ ಎಂದು ಬರೆದಿದ್ದೀರಿ. ದಾರ್ಫುರದವರ ದಿನದ ಊಟ ಸಜ್ಜೆ ಹಿಟ್ಟಿನ ಅಸೀದಾ, ನಮ್ಮ ಮುದ್ದೆಯ ಸೋದರ. ಜೊತೆಗೆ ಒಣಗಿಸಿದ ಬೆಂಡೆಕಾಯಿಯ ಪುಡಿ ಹಾಕಿದ ಲೋಳೆ ಸಾರು. ಬಯಲುಸೀಮೆಯ ಓದುಗರಿಗೆ ವಿವರಣೆಯೇ ಬೇಡ. ಆ ಮರಳುನೆಲದಲ್ಲಿ ಕಡಲೆಕಾಯಿ ಬೆಳೆಯುತ್ತದೆ, ಗಾಣಗಳಿವೆ, ಗಾಣದಲ್ಲಿ ಹಿಂಡಿ ಉಳಿಯುತ್ತದೆ. ಅಲ್ಲಿ ಅದಕ್ಕೆ ಅಂಬಾಝ್ ಎನ್ನುತ್ತಾರೆ, ದನ ಕತ್ತೆಗಳಿಗೆ ಹಾಕುವಂಥದ್ದು. ಸಜ್ಜೆ ತೀರಿದ ಮೇಲೆ ಜನ ತಿಂದದ್ದು ಆ ಹಿಂಡಿಯನ್ನು, 2025ರ ಮಳೆಗಾಲಕ್ಕೆ ಅದೂ ಸಿಗದಾಯಿತು. ನಿಮ್ಮ ‘ಹಸಿವು ತಾಂಡವವಾಡಿತು’ ಎಂಬ ಸಾಲು ತೆಗೆದುಹಾಕಿ. ಅವಳು ಗಾಣದವನ ಮನೆ ಮುಂದೆ ಹಿಂಡಿಗಾಗಿ ನಿಂತ ದಿನವನ್ನು ಬರೆಯಿರಿ, ಅವಳ ಕತ್ತೆಯೂ ಅಲ್ಲೇ ನಿಂತಿರಲಿ. ಧಾನ್ಯ ಅಳೆಯುವುದು ಅಲ್ಲಿ ‘ಮಲ್ವಾ’ದಲ್ಲಿ, ನಮ್ಮ ಸೇರಿನಂತೆ. ಬೆಲೆಯ ಅಂಕಿ ಬೇಡ. ಮೂಟೆಯಲ್ಲಿ ಕೊಳ್ಳುತ್ತಿದ್ದವಳು ಮಲ್ವಾಕ್ಕೆ, ಮಲ್ವಾದಿಂದ ಬೊಗಸೆಗೆ ಇಳಿಯಲಿ.

ಇನ್ನೊಂದು ತಪ್ಪು ಮಳೆ. ‘ಹನಿ ಮಳೆ ಕಾಣದ ಮರುಭೂಮಿ’ ಎಂದಿದ್ದೀರಿ. ಜುಲೈ, ಆಗಸ್ಟ್‌ಗಳಲ್ಲಿ ಅಲ್ಲಿ ಮಳೆ ಬರುತ್ತದೆ, ಆ ಕಾಲವನ್ನು ಖರೀಫ್ ಎನ್ನುತ್ತಾರೆ. ನಮ್ಮ ಕೃಷಿ ಇಲಾಖೆಯ ‘ಖಾರಿಫ್’ ಅದೇ ಅರಬ್ಬಿ ಮಾತು. ಮಳೆಯಲ್ಲಿ ಹಳ್ಳ ತುಂಬಿ ದಾರಿ ನಿಲ್ಲುತ್ತದೆ, ಕಾಡುಸೊಪ್ಪು ಚಿಗುರುತ್ತದೆ, ಮನೆಯಂಗಳದಲ್ಲಿ ಶೆಲ್ ದಾಳಿಗೆ ಅಡಗಲು ತೋಡಿದ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಗುಂಡಿಯ ಮೇಲೆ ಮರದ ತೊಲೆ, ತಗಡು, ಮರಳಿನ ಚೀಲ. ಅದನ್ನು ಒಣಗಿಸುವುದು, ಮಕ್ಕಳನ್ನು ಅದರೊಳಗೆ ಸುಮ್ಮನಿರಿಸುವುದು ನಿಮ್ಮ ಇಡೀ ಕಾಳಗದ ಅಧ್ಯಾಯಕ್ಕಿಂತ ಹೆಚ್ಚು ಹೇಳುತ್ತದೆ.

ಸೌದಿ ಹೆರಿಗೆ ಆಸ್ಪತ್ರೆಯ ದೃಶ್ಯವನ್ನು ಉಳಿಸಿಕೊಳ್ಳಿ, ಆದರೆ ಹೊಳೆಯುವ ಶಸ್ತ್ರಚಿಕಿತ್ಸಾ ಕೊಠಡಿ ಬೇಡ. ಗಾಯಕ್ಕೆ ಕಟ್ಟುವ ಬಟ್ಟೆ ತೀರಿ ಸೊಳ್ಳೆಪರದೆ ಹರಿದು ಬಳಸಿದ ಆಸ್ಪತ್ರೆ ಅದು. 2025ರ ಜನವರಿಯ ಡ್ರೋನ್ ದಾಳಿಯಲ್ಲಿ ಅಲ್ಲಿ ಸುಮಾರು 70 ಜನ ಸತ್ತರು.

ಕೊನೆಯ ಭಾಗವನ್ನು ಪೂರ್ತಿ ಬದಲಿಸಬೇಕು. ದಳದ ಕಚೇರಿ ಬಿದ್ದದ್ದು 2025ರ ಅಕ್ಟೋಬರ್ 26ರಂದು, ಮಾರನೆಯ ದಿನ ಸೇನಾ ಮುಖ್ಯಸ್ಥ ಬುರ್ಹಾನ್ ಹಿಂದೆ ಸರಿದದ್ದನ್ನು ಒಪ್ಪಿಕೊಂಡರು. ನೀವು ಅಲ್ಲಿಗೆ ಯುದ್ಧ ಮುಗಿಸಿ ಬಿಡುಗಡೆಯ ಉಸಿರು ಬಿಟ್ಟಿದ್ದೀರಿ. ಊರಿನವರ ಪಾಲಿಗೆ ಘೋರ ಶುರುವಾದದ್ದೇ ಆಗ: ಅದೇ ಸೌದಿ ಆಸ್ಪತ್ರೆಯಲ್ಲಿ 460ಕ್ಕೂ ಹೆಚ್ಚು ರೋಗಿಗಳು, ಜೊತೆಗಿದ್ದವರು ಹತರಾದ ವರದಿಗಳಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಓಡಿದವರು ಖಾರ್ಟೂಮ್‌ಗೆ ಹೋಗಲಿಲ್ಲ, ಅದು ನೂರಾರು ಮೈಲಿ ದೂರ. ಸುಮಾರು 60 ಕಿ.ಮೀ. ಪಶ್ಚಿಮದ ತವೀಲಾಗೆ ನಡೆದರು. ಅದಕ್ಕೆ ಮೊದಲು ದಿಬ್ಬ ದಾಟಬೇಕು, ತಡೆದವರಿಗೆ ಹಣ ಕೊಡಬೇಕು, ಫೋನು ಕಸಿಯುತ್ತಾರೆ, ಗಂಡಸರನ್ನು ಬೇರೆ ನಿಲ್ಲಿಸುತ್ತಾರೆ. ಅವಳ ಜೊತೆ ಹದಿನೇಳರ ಮಗ ಇದ್ದಾನೆ ಎಂದು ನೀವೇ ಬರೆದಿದ್ದೀರಿ, ಆಮೇಲೆ ಅವನನ್ನು ಮರೆತಿದ್ದೀರಿ. ದಿಬ್ಬದ ಹತ್ತಿರ ಅವನು ನೆನಪಾಗಲಿ.

ಪಾತ್ರಗಳು ಒಬ್ಬರನ್ನೊಬ್ಬರು ‘ಸಾರ್’, ‘ಮೇಡಂ’ ಎನ್ನುವುದನ್ನು ತೆಗೆಯಿರಿ. ನೆರೆಮನೆಯ ಹೆಂಗಸನ್ನು ಅಲ್ಲಿ ‘ಖಾಲಾ’ ಎಂದು, ಅಜ್ಜಿಯನ್ನು ‘ಹಬೂಬಾ’ ಎಂದು ಕರೆಯುತ್ತಾರೆ. ಆ ಎರಡು ಮಾತು ಸಾಕು, ಹೆಚ್ಚಿನ ಅರಬ್ಬಿ ಬೇಡ.

ತಿದ್ದಿದ ಪ್ರತಿ 3,500 ಪದ ಮೀರದಿರಲಿ. ಮಧ್ಯದ ಕಾಳಗದ ಅಧ್ಯಾಯವನ್ನು ಇಡಿಯಾಗಿ ತೆಗೆದರೆ ಅಷ್ಟಕ್ಕೆ ಇಳಿಯುತ್ತದೆ. ಎಣ್ಣೆ ಡಬ್ಬಗಳು ಏನಾದವು ಎಂಬುದನ್ನು ಮಾತ್ರ ಮರೆಯದೆ ಬರೆಯಿರಿ.

— ಸಂಪಾದಕರು