ನಾನು ಕಳಿಸಿದ ಉತ್ತರ ಎಲ್ಲಿ ಹೋಯಿತು?

ಪ್ರಶ್ನೆ: ಕಾಮನ್ ಲಿಸ್ಪ್ ಭಾಷೆಯಲ್ಲಿ ಹುಂಚೆಂಟೂಟ್ ಎಂಬ ವೆಬ್ ಸರ್ವರ್ ಬಳಸಿ ಒಂದು ಎಪಿಐ (ಬೇರೆ ಪ್ರೋಗ್ರಾಂಗಳು ಡೇಟಾ ಕೇಳುವ ದಾರಿ) ಬರೆದಿದ್ದೇನೆ. ಕೇಳಿದ ದಾಖಲೆ ಸಿಗದಿದ್ದರೆ ರಿಟರ್ನ್ ಕೋಡ್ 404 ('ಸಿಗಲಿಲ್ಲ') ಮಾಡಿ, ಕಾರಣವನ್ನು ಜೇಸನ್ ಎಂಬ ಡೇಟಾ ರೂಪದಲ್ಲಿ ಕಳಿಸುತ್ತೇನೆ. ಆದರೆ ಆ ಕಡೆ ತಲುಪುವುದು ಸರ್ವರ್‌ನದೇ 'ನಾಟ್ ಫೌಂಡ್' ಪುಟ. ನನ್ನ ಜೇಸನ್ ಎಲ್ಲಿ ಮಾಯವಾಗುತ್ತಿದೆ? 500, ಅಂದರೆ ಸರ್ವರ್ ಒಳಗಿನ ಎರರ್, ಬಂದಾಗ ಬಳಕೆದಾರರಿಗೆ ಏನು ತೋರಿಸಬೇಕು?

ಉತ್ತರ: ನಿಮ್ಮ ಕೋಡ್‌ನಲ್ಲಿ ತಪ್ಪಿಲ್ಲ. ನಾನೂ ಒಂದಿಡೀ ಸಂಜೆ ಜೇಸನ್ ಲೈಬ್ರರಿಯನ್ನು ಬೈದುಕೊಂಡು ಕೂತಿದ್ದೆ. ಪಾಪ, ಅದು ಏನೂ ಮಾಡಿರಲಿಲ್ಲ.

ನಿಮ್ಮ ಹ್ಯಾಂಡ್ಲರ್ (ರಿಕ್ವೆಸ್ಟ್‌ಗೆ ಉತ್ತರ ಕೊಡುವ ನಿಮ್ಮ ಫಂಕ್ಷನ್) ಕೆಲಸ ಮುಗಿಸಿದ ಮೇಲೆ ಸರ್ವರ್ ಅಕ್ಸೆಪ್ಟರ್-ಸ್ಟೇಟಸ್-ಮೆಸೇಜ್ ಎಂಬ ಜೆನೆರಿಕ್ ಫಂಕ್ಷನ್ (ಕ್ಲಾಸ್ ನೋಡಿ ಮೆಥಡ್ ಆರಿಸುವ ಫಂಕ್ಷನ್) ಕರೆಯುತ್ತದೆ. 'ಈ ಕೋಡ್‌ಗೆ ನಿನ್ನ ಹತ್ತಿರ ಪುಟ ಇದೆಯಾ?' ಅಂತ ಕೇಳಿದ ಹಾಗೆ. ಅದು ಸ್ಟ್ರಿಂಗ್ ಕೊಟ್ಟರೆ ಅದೇ ಹೋಗುತ್ತದೆ, ನಿಮ್ಮದು ಕಸದ ಬುಟ್ಟಿಗೆ. ನಿಲ್ (ಲಿಸ್ಪ್‌ನಲ್ಲಿ 'ಏನೂ ಇಲ್ಲ') ಕೊಟ್ಟರೆ ಮಾತ್ರ ನಿಮ್ಮದಕ್ಕೆ ದಾರಿ. 200ಕ್ಕೆ ('ಎಲ್ಲ ಸರಿ') ನಿಲ್ ಬರುತ್ತದೆ, 404ಕ್ಕೆ ಸ್ಟ್ರಿಂಗ್ ಬರುತ್ತದೆ. ಇಷ್ಟೇ ಕಥೆ.

ಸರ್ವರ್‌ನಲ್ಲಿ ರಿಕ್ವೆಸ್ಟ್ ಸ್ವೀಕರಿಸುವ ಈಸಿ-ಅಕ್ಸೆಪ್ಟರ್ ಎಂಬ ಕ್ಲಾಸ್‌ನಿಂದ ನಿಮ್ಮದೇ ಒಂದು ಕ್ಲಾಸ್ ಮಾಡಿಕೊಳ್ಳಿ. ಆ ಕ್ಲಾಸ್‌ಗೆ ಈ ಫಂಕ್ಷನ್‌ನ ಒಂದು ಮೆಥಡ್ ಬರೆಯಿರಿ. ನಾನು ಮೊದಲು 404 ಬಂದಾಗಲೆಲ್ಲ ನಿಲ್ ಕೊಟ್ಟೆ. ಎಪಿಐ ಸರಿಹೋಯಿತು, ಆದರೆ ಯಾರಾದರೂ ವಿಳಾಸ ತಪ್ಪು ಬರೆದರೆ ಬಿಳೀ ಖಾಲಿ ಪುಟ! ಅಲ್ಲಿ ಹ್ಯಾಂಡ್ಲರೇ ಇರುವುದಿಲ್ಲ, ಕಳಿಸುವುದಕ್ಕೆ ಏನೂ ಇರುವುದಿಲ್ಲ ಅಲ್ವಾ. ಈಗ ರಿಪ್ಲೈನ ಕಂಟೆಂಟ್-ಟೈಪ್ (ಕಳಿಸುತ್ತಿರುವುದು ಯಾವ ರೂಪದ್ದು ಎಂಬ ಗುರುತು) ನೋಡುತ್ತೇನೆ. ಅದು ಜೇಸನ್ ಆಗಿದ್ದರೆ ನಿಲ್, ಇಲ್ಲದಿದ್ದರೆ ಕಾಲ್-ನೆಕ್ಸ್ಟ್-ಮೆಥಡ್, ಅಂದರೆ ಸರ್ವರ್‌ನ ಮೂಲ ಮೆಥಡ್‌ಗೇ ಬಿಡುವುದು. ಹ್ಯಾಂಡ್ಲರ್‌ನಲ್ಲಿ ಕಂಟೆಂಟ್-ಟೈಪ್ ಇಡುವುದನ್ನು ಮರೆಯಬೇಡಿ.

ಸಾಮಾನ್ಯ ಪುಟಗಳಿಗೆ ಕೋಡೇ ಬೇಡ. ಅಕ್ಸೆಪ್ಟರ್‌ಗೆ ಎರರ್-ಟೆಂಪ್ಲೇಟ್-ಡೈರೆಕ್ಟರಿ ಹೇಳಿ, ಆ ಫೋಲ್ಡರ್‌ನಲ್ಲಿ 404, 500 ಎಂಬ ಹೆಸರಿನ ಎಚ್‌ಟಿಎಂಎಲ್ ಫೈಲ್ ಇಟ್ಟರೆ ಸಾಕು. ಫೈಲ್‌ನಲ್ಲಿ ಡಾಲರ್ ಗುರುತು ಹಾಕಿ, ಬ್ರೇಸ್ ಒಳಗೆ ಸ್ಕ್ರಿಪ್ಟ್-ನೇಮ್ ಅಂತ ಬರೆದರೆ, ಕೇಳಿದ ವಿಳಾಸ ಅಲ್ಲಿ ಬಂದು ಕೂರುತ್ತದೆ.

ಇನ್ನು 500. ಎರರ್‌ನ ವಿವರವನ್ನು ಪುಟದಲ್ಲೇ ತೋರಿಸುವ ಷೋ-ಲಿಸ್ಪ್-ಎರರ್ಸ್-ಪಿ ಎಂಬ ವೇರಿಯಬಲ್ ಅನ್ನು ಒಮ್ಮೆ ಪರೀಕ್ಷೆಗೆ ಅಂತ ಟಿ ('ಹೌದು') ಮಾಡಿದ್ದೆ. ಹಾಗೇ ಬಿಟ್ಟು ಸರ್ವರ್‌ಗೆ ಏರಿಸಿದೆ. ಎರಡು ದಿನದಲ್ಲಿ ಬಳಕೆದಾರರೊಬ್ಬರು ಸ್ಕ್ರೀನ್‌ಷಾಟ್ ಕಳಿಸಿದರು. ಉದ್ದದ ಬ್ಯಾಕ್‌ಟ್ರೇಸ್, ಅಂದರೆ ಎರರ್ ಆದಾಗ ನಡೆಯುತ್ತಿದ್ದ ಫಂಕ್ಷನ್ ಕರೆಗಳ ಪಟ್ಟಿ. ಬ್ಯಾಕ್‌ಟ್ರೇಸ್‌ನಲ್ಲಿ ಫಂಕ್ಷನ್ ಹೆಸರಿನ ಪಕ್ಕ ಅದಕ್ಕೆ ಕೊಟ್ಟ ಆರ್ಗ್ಯುಮೆಂಟ್‌ಗಳೂ ಕಾಣಿಸುತ್ತವೆ. ಹನ್ನೊಂದನೇ ಸಾಲಿನಲ್ಲಿ ನಮ್ಮ ಡೇಟಾಬೇಸ್ ಪಾಸ್‌ವರ್ಡ್ ಇತ್ತು. ಅವರು 'ಇದು ಏನು ಸರ್?' ಅಂತ ಮಾತ್ರ ಕೇಳಿದ್ದರು. ಆ ವೇರಿಯಬಲ್ ಮೊದಲಿಂದ ನಿಲ್ ಆಗಿಯೇ ಇರುತ್ತದೆ, ಸುಮ್ನೆ ಮುಟ್ಟಬೇಡಿ. 500ರ ಟೆಂಪ್ಲೇಟ್‌ನಲ್ಲೂ ಎರರ್, ಬ್ಯಾಕ್‌ಟ್ರೇಸ್ ಎಂಬ ವೇರಿಯಬಲ್ ಹಾಕಬೇಡಿ. ಅವು ಲಾಗ್‌ಗೆ ಹೋಗಲಿ.

ಎರರ್ ಹಿಡಿಯಲು ಪ್ರತಿ ಹ್ಯಾಂಡ್ಲರ್‌ಗೂ ಲಿಸ್ಪ್‌ನ ಹ್ಯಾಂಡ್ಲರ್-ಕೇಸ್ ಸುತ್ತುವವರಿದ್ದಾರೆ. ಹಾಗೆ ಮಾಡಿದರೆ ಎರರ್ ನೋಡಿಕೊಳ್ಳುವ ನಿಮ್ಮ ಕೋಡ್ ಓಡುವಷ್ಟರಲ್ಲಿ ಸ್ಟ್ಯಾಕ್ (ಫಂಕ್ಷನ್ ಕರೆಗಳ ಸಾಲು) ಬಿಚ್ಚಿ ಹೋಗಿರುತ್ತದೆ, ಬ್ಯಾಕ್‌ಟ್ರೇಸ್ ಕೈಗೆ ಸಿಗುವುದಿಲ್ಲ. ಹ್ಯಾಂಡ್ಲರ್-ಬೈಂಡ್ ಎರರ್ ಆದ ಜಾಗದಲ್ಲೇ ಓಡುತ್ತದೆ, ಲಾಗ್ ಬರೆಯಲು ಅದೇ ಸರಿ.

ಕೋಡ್ ಬರೆಯುತ್ತಾ ಇರುವಾಗ ಮಾತ್ರ, ಸರ್ವರ್ ಎರರ್ ಹಿಡಿಯಬೇಕೇ ಎಂದು ಹೇಳುವ ಕ್ಯಾಚ್-ಎರರ್ಸ್-ಪಿ ಎಂಬ ವೇರಿಯಬಲ್ ಅನ್ನು ನಿಲ್ ಮಾಡಿ. ಆಗ ಎರರ್ ಆದ ಕೂಡಲೇ ಸ್ಲೈಮ್‌ನಲ್ಲಿ (ಈಮ್ಯಾಕ್ಸ್ ಎಡಿಟರ್‌ನಲ್ಲಿ ಲಿಸ್ಪ್ ಬರೆಯುವ ಸಾಧನ) ಡಿಬಗರ್ ತೆರೆಯುತ್ತದೆ. ಬ್ರೌಸರ್ ಅಲ್ಲೇ ಕಾಯುತ್ತಿರುತ್ತದೆ. ಫಂಕ್ಷನ್ ತಿದ್ದಿ, ಕಂಪೈಲ್ ಮಾಡಿ, ಆ ಫ್ರೇಮ್ (ನಿಂತಿರುವ ಫಂಕ್ಷನ್ ಕರೆ) ಮತ್ತೆ ಓಡಿಸಿದರೆ ಅದೇ ರಿಕ್ವೆಸ್ಟ್‌ಗೆ ಸರಿಯಾದ ಪುಟ ಬರುತ್ತದೆ. ಏರಿಸುವ ಮುಂಚೆ ಮತ್ತೆ ಟಿ ಮಾಡಿ. ಇಲ್ಲದಿದ್ದರೆ ಒಂದೊಂದು ಎರರ್‌ಗೆ ಒಂದೊಂದು ಥ್ರೆಡ್ ಡಿಬಗರ್‌ನಲ್ಲಿ ನಿಂತುಬಿಡುತ್ತದೆ, ಅದನ್ನು ಬಿಡಿಸಲು ಅಲ್ಲಿ ಯಾರೂ ಇರುವುದಿಲ್ಲ.