ಹೆಸರು ನೀವು ಹೇಳಬೇಡಿ, ಅವರ ಬಾಯಲ್ಲೇ ಹೇಳಿಸಿ

ಸಿಸ್ಟರ್ ಹತ್ರ ಕೇಳಿ: ನರ್ಸಿಂಗ್ ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಮೈಸೂರಿನ ನಿವೃತ್ತ ವಾರ್ಡ್ ಸಿಸ್ಟರ್ ಒಬ್ಬರ ಉತ್ತರ

ಪ್ರಶ್ನೆ: ಮಂಡ್ಯದಲ್ಲಿ ಜಿಎನ್‌ಎಂ ಎರಡನೇ ವರ್ಷ ಓದುತ್ತಿದ್ದೇನೆ. ಮಾತ್ರೆ ಕೊಡುವಾಗ ಪ್ರತಿ ಸಲ ಹೆಸರು ಕೇಳಿ ಅಂತ ಕ್ಲಾಸಿನಲ್ಲಿ ಹೇಳುತ್ತಾರೆ. ಹಾಗೆ ಕೇಳಿದ್ದಕ್ಕೆ ಒಬ್ಬ ಅಜ್ಜಿ ‘ನಾಕು ದಿನದಿಂದ ನೋಡ್ತಾ ಇದ್ದೀಯ, ಇನ್ನೂ ನನ್ನ ಹೆಸರು ಗೊತ್ತಿಲ್ವಾ?’ ಅಂತ ರೇಗಿದರು. ವಾರ್ಡೆಲ್ಲ ನಕ್ಕಿತು. ಮುಖ ಗೊತ್ತಿದ್ದರೂ ಕೇಳಲೇಬೇಕಾ?
— ವಿದ್ಯಾರ್ಥಿನಿ, ಮದ್ದೂರು

ಉತ್ತರ: ಕೇಳಲೇಬೇಕಮ್ಮ. ಬರೀ ಕೇಳಿದರೂ ಸಾಲದು, ಹೇಗೆ ಕೇಳುತ್ತೀರಿ ಅನ್ನೋದೂ ಮುಖ್ಯ. ನಾನು ಕೇಳಿಯೂ ತಪ್ಪು ಮಾಡಿದವಳು.

1982. ನಾನೂ ಆಗ ಎರಡನೇ ವರ್ಷ. ಹೆಂಗಸರ ವಾರ್ಡಿನ ಒಂಬತ್ತನೇ ಬೆಡ್ ನಿಂಗಮ್ಮನಿಗೆ ಬೆಳಗ್ಗೆ ತಿಂಡಿಗೆ ಮುಂಚೆ ಶುಗರ್ ಮಾತ್ರೆ, ಗ್ಲೈಬೆನ್‌ಕ್ಲಮೈಡ್. ಟ್ರೇ ಹಿಡಿದು ಹೋದೆ. ‘ನಿಂಗಮ್ಮ ತಾನೇ?’ ಅಂದೆ. ‘ಊಂ ಕನವ್ವ’ ಅಂದರು. ಮಾತ್ರೆ ಬಾಯಿಗೆ ಹಾಕಿ ನೀರು ಕುಡಿಸಿ ಮುಂದಕ್ಕೆ ಹೋದೆ.

ಅವರು ನಂಜಮ್ಮ. ಕಿವಿ ಮಂದ. ಫ್ಯಾನ್ ಗಾಳಿ ಆಗಲ್ಲ ಅಂತ ನಿಂಗಮ್ಮ ರಾತ್ರಿ ಅವರ ಜೊತೆ ಬೆಡ್ ಬದಲಾಯಿಸಿಕೊಂಡಿದ್ದರು. ನಂಜಮ್ಮನಿಗೆ ಶುಗರ್ ಇರಲೇ ಇಲ್ಲ. ಬಾಯಿ ರುಚಿ ಇಲ್ಲ ಅಂತ ತಿಂಡಿಯನ್ನೂ ಬಿಟ್ಟಿದ್ದರು. ಹನ್ನೊಂದು ಗಂಟೆ ಹೊತ್ತಿಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಸೀನಿಯರ್ ಸಿಸ್ಟರ್ ನೋಡಿದ ತಕ್ಷಣ ಹಿಡಿದರು. ಸಕ್ಕರೆ ನೀರು, ಆಮೇಲೆ ಗ್ಲೂಕೋಸ್ ಡ್ರಿಪ್. ಆ ಮಾತ್ರೆಯ ಪರಿಣಾಮ ಬೇಗ ಇಳಿಯೋದಲ್ಲ, ತುಂಬ ಹೊತ್ತು ಸಕ್ಕರೆ ಅಂಶ ಇಳಿಸುತ್ತಲೇ ಇರುತ್ತೆ. ಮರುದಿನ ಬೆಳಗ್ಗೆವರೆಗೂ ಕಾಯಬೇಕಾಯಿತು. ನಾನು ಹಾಸ್ಟೆಲ್‌ಗೆ ಹೋಗಲಿಲ್ಲ. ಬೆಳಗ್ಗೆ ಆ ತಾಯಿ ಕಣ್ಣು ಬಿಟ್ಟು ನನ್ನನ್ನೇ ಕೇಳಿದರು: ‘ಯಾಕವ್ವ ಮೊಕ ಸಪ್ಪಗದೆ, ಉಂಡಿಲ್ವಾ?’

ಅವತ್ತಿನಿಂದ ‘ಇಂಥವರು ತಾನೇ?’ ಅಂತ ನಾನು ಯಾರನ್ನೂ ಕೇಳಿಲ್ಲ. ನಮ್ಮ ಕಡೆ ವಯಸ್ಸಾದವರು ಸಿಸ್ಟರ್ ಏನು ಕೇಳಿದರೂ ಊಂ ಅಂತಾರೆ. ಕೇಳಿಸದಿದ್ದರಂತೂ ಇನ್ನೂ ಬೇಗ ಅಂತಾರೆ. ‘ನಿಮ್ಮ ಹೆಸರು ಹೇಳಿ’ ಅನ್ನಿ. ಅವರ ಬಾಯಿಂದ ಬಂದ ಹೆಸರನ್ನು ಕೇಸ್ ಶೀಟಿನ ಹೆಸರಿಗೆ, ಕೈಪಟ್ಟಿಯ ಐಪಿ (ಒಳರೋಗಿ) ನಂಬರಿಗೆ ತಾಳೆ ನೋಡಿ. ಬೆಡ್ ನಂಬರ್ ಮಂಚದ್ದು, ರೋಗಿಯದಲ್ಲ.

ಹೆಸರಿನ ಜೊತೆ ಹುಟ್ಟಿದ ತಾರೀಕು ಕೇಳಿ ಅಂತ ಪುಸ್ತಕದಲ್ಲಿರುತ್ತೆ. ನಮ್ಮ ಅಜ್ಜಿಯರಿಗೆ ಅದೆಲ್ಲಿ ಗೊತ್ತಿರುತ್ತೆ! ಗಂಡನ ಹೆಸರು ಕೇಳೋಣ ಅಂದರೆ ಕೆಲವರು ಬಾಯಿಬಿಟ್ಟು ಹೇಳಲ್ಲ, ನಾಚಿಕೊಂಡು ಪಕ್ಕದವರ ಕೈಲಿ ಹೇಳಿಸುತ್ತಾರೆ. ಊರು ಕೇಳಿ, ದೊಡ್ಡ ಮಗನ ಹೆಸರು ಕೇಳಿ. ಒಂದೇ ವಾರ್ಡಿನಲ್ಲಿ ಇಬ್ಬರು ಪುಟ್ಟಮ್ಮ ಇರೋದು ಹೊಸದಲ್ಲ. ಇಬ್ಬರೂ ಹೊಸಹಳ್ಳಿ ಅಂದರೆ ಯಾವ ತಾಲ್ಲೂಕಿನ ಹೊಸಹಳ್ಳಿ ಅಂತಲೂ ಕೇಳಬೇಕು. ಇಷ್ಟೆಲ್ಲ ಆದ ಮೇಲೂ ಐಪಿ ನಂಬರ್ ನೋಡದೆ ಬಿಡಬೇಡಿ.

ರೇಗಿದ ಅಜ್ಜಿಗೆ ಮೊದಲೇ ಕಾರಣ ಹೇಳಿಬಿಡಿ: ‘ಬೇರೆಯವರ ಮಾತ್ರೆ ನಿಮಗೆ ಬರಬಾರದು ಅಂತ ಕೇಳ್ತೀನಿ ಅಜ್ಜಿ.’ ಎರಡು ದಿನ ಕಳೆದರೆ ನೀವು ಹತ್ತಿರ ಬಂದ ಕೂಡಲೇ ಅವರೇ ಹೆಸರು ಒಪ್ಪಿಸುತ್ತಾರೆ.

ಪ್ರಶ್ನೆ: ಮದುವೆಯಾಗಿ ಮೂರು ತಿಂಗಳು. ಕೈತುಂಬ ಗಾಜಿನ ಬಳೆ ಇವೆ. ತೆಗೆಯಬಾರದು ಅಂತ ಅತ್ತೆ, ತೆಗೆದು ಬಾ ಅಂತ ಮೇಡಂ. ಗ್ಲೌಸ್ ಹಾಕಿಕೊಂಡರೆ ಆಗಲ್ವಾ?
— ಬಿಎಸ್ಸಿ ನರ್ಸಿಂಗ್ ವಿದ್ಯಾರ್ಥಿನಿ, ನಂಜನಗೂಡು

ಉತ್ತರ: ಆಗಲ್ಲ. ಮುದ್ದೆ ಕಟ್ಟಿದ ಮೇಲೆ ಬಳೆ ಸಂದಿಯಲ್ಲಿ ಹಿಟ್ಟು ಎಷ್ಟು ಹೊತ್ತು ಅಂಟಿರುತ್ತೆ ನೋಡಿದ್ದೀರಲ್ಲ? ಕೀವು, ರಕ್ತ, ಕಫ ಕೂಡ ಹಾಗೇ ಕೂರುತ್ತೆ, ಕಣ್ಣಿಗೆ ಮಾತ್ರ ಕಾಣಲ್ಲ. ಸೋಪಿನಲ್ಲಿ ಕೈ ತೊಳೆಯೋಕೆ 40ರಿಂದ 60 ಸೆಕೆಂಡ್, ಸ್ಯಾನಿಟೈಸರ್ ಉಜ್ಜೋಕೆ 20ರಿಂದ 30 ಸೆಕೆಂಡ್ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಬಳೆ ಇದ್ದರೆ ಮಣಿಕಟ್ಟಿನವರೆಗೆ ಉಜ್ಜೋದು ಎಲ್ಲಿ ಬಂತು? ಗ್ಲೌಸ್ ಹಾಕೋಕೆ ಮುಂಚೆ, ಬಿಚ್ಚಿದ ಮೇಲೆ, ಎರಡು ಸಲವೂ ಕೈ ಶುಚಿ ಮಾಡಲೇಬೇಕು. ಮುದುಕರ ಚರ್ಮ ಬೇರೆ ಈರುಳ್ಳಿ ಸಿಪ್ಪೆ ಥರ, ಬಳೆ ತಾಗಿದರೂ ಸುಲಿಯುತ್ತೆ. ಬ್ಯಾಗಿನಲ್ಲಿ ಒಂದು ಸಣ್ಣ ಡಬ್ಬಿ ಇಟ್ಟುಕೊಳ್ಳಿ. ಡ್ಯೂಟಿ ಮುಗಿದ ಮೇಲೆ ಹಾಕಿಕೊಂಡೇ ಮನೆಗೆ ಹೋಗಿ. ನಾನೂ ಹಾಗೇ ಮಾಡಿದವಳು, ನಮ್ಮತ್ತೆಗೆ ಗೊತ್ತಾಗಲೇ ಇಲ್ಲ.

ಪ್ರಶ್ನೆ: ನಮ್ಮ ವಾರ್ಡಿನಲ್ಲಿ ಎಲ್ಲರ ಚಾರ್ಟಿನಲ್ಲೂ ಉಸಿರು 20 ಅಂತಲೇ ಇರುತ್ತೆ. ಸೀನಿಯರ್‌ಗಳು ‘ಸುಮ್ನೆ 20 ಹಾಕು’ ಅಂತಾರೆ. ನಿಜವಾಗಿ ಎಣಿಸಬೇಕಾ?
— ವಿದ್ಯಾರ್ಥಿ, ಮೈಸೂರು

ಉತ್ತರ: ಮೂವತ್ತು ಜನ ಸೇರಿ ಒಂದೇ ತಾಳಕ್ಕೆ ಉಸಿರಾಡೋಕೆ ಅದೇನು ಭಜನೆಯಾ? ಎಣಿಸಿ, ಪೂರ್ತಿ ಒಂದು ನಿಮಿಷ. ದೊಡ್ಡವರಿಗೆ 12ರಿಂದ 20 ಸರಿ. ಉಸಿರು ಎಣಿಸುತ್ತೀನಿ ಅಂತ ಹೇಳಬೇಡಿ, ಹೇಳಿದರೆ ಅವರ ಉಸಿರಿನ ಲಯವೇ ಬದಲಾಗುತ್ತೆ. ನಾಡಿ ನೋಡಿದ ಮೇಲೆ ಮಣಿಕಟ್ಟು ಬಿಡದೆ ಕಣ್ಣು ಮಾತ್ರ ಎದೆ ಕಡೆ ತಿರುಗಿಸಿ. ಸೆರಗೋ ಹೊದಿಕೆಯೋ ಅಡ್ಡ ಇದ್ದರೆ ಅದರ ಏರಿಳಿತ ನೋಡಿ.

ರೋಗಿ ಕೆಡುತ್ತಿದ್ದಾರೆ ಅಂತ ಬಿಪಿ ಇಳಿಯೋಕೆ ಮುಂಚೆಯೇ ಉಸಿರು ಹೇಳೋದುಂಟು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ನ್ಯೂಸ್-2 ಅಂತ ಒಂದು ಅಂಕಪಟ್ಟಿ ಇದೆ, ಅಂಕ ಹೆಚ್ಚಿದಷ್ಟೂ ರೋಗಿಗೆ ಅಪಾಯ ಹೆಚ್ಚು ಅಂತ. ಉಸಿರು 25 ಮುಟ್ಟಿದರೆ ಒಂದೇಟಿಗೆ 3 ಅಂಕ, ಅಂದರೆ ಬೇಗ ಬಂದು ನೋಡಿ ಅಂತ ಡಾಕ್ಟರಿಗೆ ಹೇಳಬೇಕು. ನೀವು ಸುಮ್ನೆ 20 ಬರೆದರೆ ಆ 25 ಯಾರ ಕಣ್ಣಿಗೂ ಬೀಳಲ್ಲ. ಎಣಿಸೋಕೆ ಆಗಲಿಲ್ಲವಾ, ಜಾಗ ಖಾಲಿ ಬಿಟ್ಟು ಸಿಸ್ಟರ್‌ಗೆ ಹೇಳಿ. ಬೈಸಿಕೊಳ್ಳಿ, ಪರವಾಗಿಲ್ಲ.

ಪ್ರಶ್ನೆ: ಇಂಜೆಕ್ಷನ್ ಕೊಟ್ಟು ಸೂಜಿಗೆ ಕ್ಯಾಪ್ ಹಾಕುವಾಗ ಬೆರಳಿಗೆ ಚುಚ್ಚಿತು. ಬೈಯುತ್ತಾರೆ ಅಂತ ಯಾರಿಗೂ ಹೇಳಿಲ್ಲ. ಹೆಸರು ಹಾಕಬೇಡಿ.

ಉತ್ತರ: ಈ ಪತ್ರ ನನ್ನ ಕೈಗೆ ಬಂದಾಗ ಒಂಬತ್ತು ದಿನ ಆಗಿತ್ತು. ಫೋನ್ ನಂಬರ್ ಇತ್ತು, ಕೂಡಲೇ ಮಾತಾಡಿದೆ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಗೆ (ಎಚ್‌ಐವಿ ಸಲಹೆ, ಪರೀಕ್ಷೆ ಕೇಂದ್ರ) ಪರೀಕ್ಷೆಗೆ ಹೋಗಿ ಬಂದಿದ್ದಾರೆ. ಉಳಿದವರು ಕೇಳಿ. ಚುಚ್ಚಿದ ಬೆರಳನ್ನು ಹಿಂಡಬೇಡಿ, ಬಾಯಿಗೆ ಇಡಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆಯಿರಿ. ಆ ಕ್ಷಣವೇ ಡ್ಯೂಟಿ ಸಿಸ್ಟರ್‌ಗೆ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕು ಅಂದರೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು. 72 ಗಂಟೆ ದಾಟಿದರೆ ಸಾಮಾನ್ಯವಾಗಿ ಕೊಡಲ್ಲ. ಕೋರ್ಸ್ 28 ದಿನ. ಎಚ್‌ಐವಿ ಇರುವವರ ಸೂಜಿ ಚುಚ್ಚಿದರೂ ಸೋಂಕು ತಗಲುವುದು ಸಾವಿರಕ್ಕೆ ಸುಮಾರು ಮೂರು ಸಲ, ಹೆದರಿ ಸಾಯಬೇಡಿ. ಲಸಿಕೆ ಹಾಕಿಸಿಕೊಳ್ಳದಿದ್ದರೆ ಹೆಪಟೈಟಿಸ್ ಬಿ ಭಯವೇ ಜಾಸ್ತಿ.

ಇನ್ನು ಆ ಕ್ಯಾಪ್. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಲೇಬೇಡಿ. ನೇರವಾಗಿ ಸೂಜಿ ಹಾಕುವ ಬಿಳಿ ಡಬ್ಬಕ್ಕೆ. ಡಬ್ಬ ವಾರ್ಡಿನ ಆ ತುದಿಯಲ್ಲಿದ್ದರೆ ಇಂಜೆಕ್ಷನ್‌ಗೆ ಮುಂಚೆಯೇ ಟ್ರಾಲಿ ಮೇಲೆ ತಂದಿಟ್ಟುಕೊಳ್ಳಿ. ಹೆಪಟೈಟಿಸ್ ಬಿ ಲಸಿಕೆ ನಿಮಗೆ ಮೂರೂ ಡೋಸ್ ಆಗಿದೆಯಾ? ಎರಡು ಹಾಕಿಸಿಕೊಂಡು ಆರನೇ ತಿಂಗಳಿನದು ಮರೆತವರೇ ಜಾಸ್ತಿ. ಇವತ್ತೇ ಕಾರ್ಡ್ ತೆಗೆದು ನೋಡಿ.